ಮೈಯೊಳಗಿನ ನಲವತ್ತೊಂದು ಚುಕ್ಕಿ

ತೊಟ್ಟಿಯ ನೀರು ಮೈಯಷ್ಟೇ ಬೆಚ್ಚಗಿತ್ತು. ಉಪ್ಪು ಬೆರೆಸಿದ್ದರಿಂದ ಶ್ರಾವಣಿ ಅದರ ಮೇಲೆ ಎಲೆಯ ಹಾಗೆ ತೇಲುತ್ತಿದ್ದಳು. ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಹತ್ತು ನಿಮಿಷದ ಹಿಂದೆಯೇ ಅಳಿಸಿಹೋಗಿತ್ತು. ಚಾವಣಿಯಿಂದ ಇಳಿಬಿಟ್ಟ ನಾಲ್ಕು ಹಗ್ಗಗಳ ಆಸರೆಯಲ್ಲಿ ತೊಟ್ಟಿ ಬಲು ನಿಧಾನವಾಗಿ ತೂಗುತ್ತಿತ್ತು. ಅತ್ತ ಹೋಗಿ ಇತ್ತ ಬರಲು ಒಂದು ದೀರ್ಘ ಉಸಿರಿನಷ್ಟು ಹೊತ್ತು. ಕೋಣೆಯಲ್ಲಿ ಬೆಳಕಿರಲಿಲ್ಲ. ಯಂತ್ರಕ್ಕೆ ಕತ್ತಲೆಯೇ ಬೇಕು ಎಂದು ಮೊದಲೇ ಹೇಳಿದ್ದರು.

ಧಾರವಾಡದ ಹೊರಗಿನ ದಿಬ್ಬದ ಮೇಲಿದ್ದ ಆ ಸಂಶೋಧನಾ ಕೇಂದ್ರದ ಕಾಗದಪತ್ರಗಳಲ್ಲಿ ಯಂತ್ರಕ್ಕೆ ಮಾರುದ್ದದ ಹೆಸರಿತ್ತು. ಅಲ್ಲಿಗೆ ಬರುವ ಹೆಂಗಸರು ಮಾತ್ರ ಅದನ್ನು ತೊಟ್ಟಿಲು ಎನ್ನುತ್ತಿದ್ದರು.

ಬಸಿರಿನ ದಿನಗಳಲ್ಲಿ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತಕ್ಕೆ ದಾಟಿ ಅಲ್ಲಿಯೇ ಉಳಿದುಬಿಡುತ್ತವೆ ಎಂಬ ಸಂಗತಿ ಶ್ರಾವಣಿಯ ಅಜ್ಜಿಯ ಕಾಲಕ್ಕೇ ವಿಜ್ಞಾನಿಗಳಿಗೆ ಗೊತ್ತಿತ್ತು. ಮಗು ಹುಟ್ಟಿ, ಬೆಳೆದು, ಬೇರೆ ಊರು ಸೇರಿದ ಮೇಲೂ ಅವು ತಾಯಿಯ ಹೃದಯದಲ್ಲೋ, ಮೂಳೆಯ ಮಜ್ಜೆಯಲ್ಲೋ, ಮಿದುಳಿನ ಯಾವುದೋ ಮಡಿಕೆಯಲ್ಲೋ ದಶಕಗಟ್ಟಲೆ ಇರುತ್ತವೆ. ಬದುಕಿರುವ ತಾಯಿಯ ಮೈಯಲ್ಲಿ ಅವನ್ನು ಕಣ್ಣಾರೆ ನೋಡುವ ಉಪಾಯ ಮಾತ್ರ ಇರಲಿಲ್ಲ. ಈಗ ಸಿಕ್ಕಿತ್ತು. ಹಿಂದಿನ ದಿನ ಚುಚ್ಚಿದ ಮದ್ದು ರಕ್ತದಲ್ಲಿ ಸುತ್ತಾಡಿ, ತಾಯಿಯದಲ್ಲದ ಕೋಶ ಕಂಡಲ್ಲಿ ಮಾತ್ರ ಅಂಟಿಕೊಂಡು ಮಂಕಾಗಿ ಹೊಳೆಯುತ್ತದೆ. ತೊಟ್ಟಿಯ ಸುತ್ತ ಜೋಡಿಸಿದ ಸಾವಿರಾರು ಸಣ್ಣ ಕಣ್ಣುಗಳು ಆ ಹೊಳಪನ್ನು ಒಂದೊಂದಾಗಿ ಹೆಕ್ಕುತ್ತವೆ. ತೊಟ್ಟಿ ತೂಗಿದಾಗ ಚುಕ್ಕಿ ಎಷ್ಟು ಸರಿಯಿತು ಎಂಬುದರಿಂದ ಅದು ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಇಂಥ ಕೋಶಗಳಿಗೆ ಕೇಂದ್ರದವರು ಉಳಿಕಣ ಎಂದು ಹೆಸರಿಟ್ಟಿದ್ದರು.

ಶ್ರಾವಣಿ ಮುಳಗುಂದಳಿಗೆ ಮೂವತ್ತೆಂಟು ವರ್ಷ. ಹುಬ್ಬಳ್ಳಿಯ ರೈಲ್ವೆ ನಿಯಂತ್ರಣ ಕೊಠಡಿಯಲ್ಲಿ ಕೆಲಸ. ಗಂಡ ಗುರುಬಸು ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳ ಯಂತ್ರಗಳನ್ನು ರಿಪೇರಿ ಮಾಡುವವನು. ಮಗಳು ಇಂಚರಳಿಗೆ ಒಂಬತ್ತು. ಇಂಚರ ಐದು ದಾಟಿದಾಗ ಶ್ರಾವಣಿ ಮತ್ತೆ ಬಸಿರಾಗಿದ್ದಳು. ಹದಿನಾಲ್ಕನೆಯ ವಾರದಲ್ಲಿ ಅದು ಹೋಯಿತು. ಹೋಗುವಾಗ ನಂಜು ಏರಿ, ಒಂಬತ್ತು ದಿನ ಜ್ವರದಲ್ಲಿ ಬೇಯಿಸಿ, ಗರ್ಭಕೋಶದ ಒಳಗೋಡೆಯ ಮೇಲೆ ಗಟ್ಟಿ ಕಲೆಯೊಂದನ್ನು ಬಿಟ್ಟುಹೋಯಿತು. ಆಮೇಲೆ ನಾಲ್ಕು ವರ್ಷ ಗುಳಿಗೆ, ಸೂಜಿ, ಕ್ಯಾಲೆಂಡರಿನ ಮೇಲೆ ಗುರುತು. ಯಾವುದೂ ಹತ್ತಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ದುಃಖ ಪಡಲು ಜಾಗವಿಲ್ಲದ್ದು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವಳಿಗೆ ಒಂದೂ ಮಗುವಿಲ್ಲ. ಅವಳೆದುರು ತನ್ನ ಕಥೆ ಹೇಳಲು ನಾಚಿಕೆ. ನೆಂಟರು ಸಮಾಧಾನಕ್ಕೆ ಬಂದರೆ ಒಂದೇ ಮಾತು: “ಇರ್ಲಿ ಬಿಡು, ಒಂದ್ ಐತೆಲ್ಲ.” ಒಂದು ಇದೆ ಎಂಬುದು ಅವಳಿಗೆ ಗೊತ್ತಿಲ್ಲವೆ? ಆ ಒಂದರ ತಲೆ ಬಾಚುವಾಗಲೇ ಇನ್ನೊಂದರ ನೆನಪು ಬರುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ತೂಗುವ ನೀರಿನಲ್ಲಿ ಇದೆಲ್ಲ ಯಾರದೋ ವಿಷಯವೆಂಬಂತೆ ದೂರ ಸರಿಯಿತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಸ್ಥಿತಿಯಲ್ಲಿ ಅವಳು ದೊಡ್ಡ ಕೆರೆಯೊಂದರ ತಳದಲ್ಲಿ ನಡೆಯುತ್ತಿದ್ದಳು. ಮೇಲೆ ಯಾರೋ ಈಜುತ್ತಿದ್ದರು. ಅವರ ನೆರಳು ಮಾತ್ರ ಅವಳ ಅಂಗೈ ಮೇಲೆ ಬಿದ್ದು ದಾಟಿಹೋಗುತ್ತಿತ್ತು.

ಬಟ್ಟೆ ಉಟ್ಟು, ಒದ್ದೆ ಕೂದಲು ಕಟ್ಟಿಕೊಂಡು ಹೊರಬಂದಾಗ ಡಾಕ್ಟರ್ ನಫೀಸಾ ಕಿತ್ತೂರ ಪರದೆಯ ಮುಂದೆ ಕೂತಿದ್ದರು. ಈ ಚಿಕಿತ್ಸೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಐವತ್ತು ದಾಟಿದ, ಸಣ್ಣ ದನಿಯ ಹೆಂಗಸು.

“ಬರ್ರಿ, ಕುಂದರ್ರಿ. ನಿಮ್ಮ ಮಗಳನ್ನ ನೋಡ್ರಿ.”

ಪರದೆಯ ಮೇಲೆ ಹೆಣ್ಣಿನ ಆಕಾರವೊಂದು ಕತ್ತಲಲ್ಲಿ ತೇಲುತ್ತಿತ್ತು. ಅದರೊಳಗೆ ಹಳದಿ ಚುಕ್ಕಿಗಳು. ಎದೆಯಲ್ಲಿ ದಟ್ಟವಾಗಿ, ಬೆನ್ನುಮೂಳೆಯುದ್ದಕ್ಕೆ ಸಾಲಾಗಿ, ಹೆರಿಗೆಗೆ ಹೊಟ್ಟೆ ಕೊಯ್ದ ಗೆರೆಯ ಮೇಲೆ ಪೋಣಿಸಿಟ್ಟಂತೆ. ಎರಡು ಸಾವಿರದ ಮುನ್ನೂರು ಚುಕ್ಕಿ. ಎಲ್ಲವೂ ಇಂಚರ. ಮಗಳು ಈ ಹೊತ್ತಿಗೆ ಶಾಲೆಯಲ್ಲಿ ಊಟದ ಡಬ್ಬಿ ತೆಗೆದಿರುತ್ತಾಳೆ ಎಂದು ಶ್ರಾವಣಿಯ ಮನಸ್ಸು ಲೆಕ್ಕ ಹಾಕಿತು.

ನಫೀಸಾ ಚಿಕಿತ್ಸೆಯನ್ನು ಬಿಡಿಸಿ ಹೇಳಿದರು. ಹನ್ನೊಂದು ದಿನ ತೆಗೆದುಕೊಳ್ಳಬೇಕಾದ ಒಂದು ಸೂಜಿಮದ್ದಿದೆ, ಕರೆಮದ್ದು. ಅದು ಗರ್ಭಕೋಶದಿಂದ ಒಂದು ರಾಸಾಯನಿಕ ಸಂದೇಶ ಹೊರಡಿಸುತ್ತದೆ. ಮೈಯಲ್ಲಿ ಎಲ್ಲೆಲ್ಲೋ ಮಲಗಿರುವ ಉಳಿಕಣಗಳು ಎಚ್ಚೆತ್ತು, ರಕ್ತದ ಹಾದಿ ಹಿಡಿದು ಬಂದು ಕಲೆಯ ಮೇಲೆ ನೆಲೆಸಿ ಹೊಸ ಪದರ ಕಟ್ಟುತ್ತವೆ. ಎಳೆಯ ಕಣಗಳಾದ್ದರಿಂದ ಆ ಕೆಲಸ ಅವಕ್ಕೆ ಗೊತ್ತು. ಹತ್ತು ಹೆಂಗಸರಲ್ಲಿ ನಾಲ್ವರಿಗೆ ಒಂದು ವರ್ಷದೊಳಗೆ ಬಸಿರು ನಿಂತಿದೆ. ಆದರೆ ಮೂವತ್ತೊಂಬತ್ತು ತುಂಬಿದರೆ ಕಣಗಳು ಕರೆಗೆ ಓಗೊಡುವುದಿಲ್ಲ.

“ನಿಮಗ ಇನ್ನ ಐದು ವಾರ ಐತಿ,” ಎಂದರು. ಆಮೇಲೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿ, “ಇನ್ನೊಂದ್ ಮಾತು. ಇದನ್ನ ತಿಳ್ಕೊಳ್ಳೂದು ಬಿಡೂದು ನಿಮ್ಮ ಇಷ್ಟ. ಬ್ಯಾಡಂದ್ರ ನಾ ಹೇಳಂಗಿಲ್ಲ. ಮಗಳ ಗುರುತಿಗೆ ಕೂಡಲಾರದ ಚುಕ್ಕಿ ಕೆಲವು ಅದಾವು,” ಎಂದರು.

ಶ್ರಾವಣಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯ ಅಂಚು ಹಿಡಿದುಕೊಂಡಳು.

“ತೋರಸ್ರಿ.”

ಹಳದಿ ಚುಕ್ಕಿಗಳು ಆರಿದವು. ಖಾಲಿ ಕತ್ತಲಲ್ಲಿ ನೀಲಿ ಚುಕ್ಕಿಗಳು ಒಂದೊಂದಾಗಿ ಮೂಡಿದವು. ದೂರ ದೂರ, ಅಲ್ಲೊಂದು ಇಲ್ಲೊಂದು. ನಲವತ್ತೊಂದು.

“ಹದಿನಾಕು ವಾರಕ್ಕ ಇಷ್ಟು ಉಳದಿದ್ದು ಭಾಳಾತು,” ಎಂದರು ನಫೀಸಾ. “ಗಂಡೋ ಹೆಣ್ಣೋ ಕೇಳಬ್ಯಾಡ್ರಿ. ನಾವು ಅದನ್ನ ನೋಡೂದಿಲ್ಲ.”

“ಕರೆಮದ್ದು ತಗೊಂಡ್ರ ಇವೂ ಬರ್ತಾವೇನ್ರಿ?”

“ಬರ್ತಾವ್ರಿ. ಆರಿಸಿ ಕರಿಯಾಕ ಬರೂದಿಲ್ಲ. ಊಟಕ್ಕ ಕರದ್ರ ಮನ್ಯಾಗಿನ ಮಕ್ಕಳೆಲ್ಲಾ ಓಡಿ ಬರ್ತಾವಲ್ಲ, ಹಂಗ.”

“ಬಂದ್ ಮ್ಯಾಲೆ?”

“ಪದರದಾಗ ಕರಗಿ ಹೋಗ್ತಾವು. ಮುಂದ ತೊಟ್ಟಿಲದಾಗ ಮಲಗಿದ್ರ ಏನೂ ಕಾಣಂಗಿಲ್ಲ.” ಅವರು ಏನನ್ನೂ ಮುಚ್ಚಿಡಲಿಲ್ಲ.

ಕರೆಮದ್ದಿನ ತಣ್ಣನೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಶ್ರಾವಣಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳಿದಳು. ದಾರಿಯುದ್ದಕ್ಕೂ ಮೈಯನ್ನು ತುಂಬಿದ ಕೊಡದ ಹಾಗೆ ಅಲುಗಾಡದಂತೆ ಹಿಡಿದುಕೊಂಡಿದ್ದಳು. ಗುಂಡಿಗೆ ಸಿಕ್ಕಿ ಬಸ್ಸು ಎತ್ತಿಹಾಕಿದಾಗ ಕೈ ತಾನಾಗಿ ಎದೆಯ ಮೇಲೆ ಹೋಯಿತು.

ಉಣಕಲ್ಲಿನ ಮನೆಯಲ್ಲಿ ಅತ್ತೆ ಸುನಂದಾ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದರು. ಇಂಚರ ಪಕ್ಕದಲ್ಲಿ ಹೋಮ್‌ವರ್ಕ್ ಹರಡಿಕೊಂಡಿದ್ದಳು. ಹಳದಿ ಚುಕ್ಕಿಗಳ ಕಥೆಯನ್ನಷ್ಟೇ ಶ್ರಾವಣಿ ಅವರಿಗೆ ಹೇಳಿದಳು.

“ಅಂದ್ರ ನಾ ಇಲ್ಲೂ ಅದೀನಿ, ನಿನ್ನ ಒಳಗೂ ಅದೀನಿ?” ಇಂಚರ ಪೆನ್ಸಿಲ್ ಕೆಳಗಿಟ್ಟಳು.

“ಹೌದು. ಎದಿಯೊಳಗ ಭಾಳ ಅದಿ.”

“ಅಲ್ಲಿ ಏನ್ ಮಾಡ್ತೀನಿ?”

“ಗೊತ್ತಿಲ್ಲ. ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲಂತ.”

“ಹಂಗಾದ್ರ ನೀ ಆಫೀಸಿಗೆ ಹೋದಾಗ ನಾನೂ ರೈಲು ನೋಡ್ತೀನಿ,” ಎಂದು ತೀರ್ಮಾನಿಸಿ ಹುಡುಗಿ ಮತ್ತೆ ಗುಣಾಕಾರಕ್ಕೆ ಇಳಿದಳು.

ಸುನಂದಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದರು. “ಶ್ರಾವಣಿ, ಎಷ್ಟ್ ವರ್ಷ ಇರ್ತಾವು ಅವು?”

“ಸಾಯೂತನಕಾ ಇರಬಹುದಂತ ಅತ್ತಿ.”

“ನನ್ನೊಳಗೂ ಇದ್ದಾವು?”

“ಇರ್ತಾವು. ನಿಮ್ಮ ಮಗಂದು ಇದ್ದೇ ಇರ್ತಾವು.”

“ಅವಂದು ಬಿಡು,” ಎಂದರು ಸುನಂದಾ. ಎಡಗೈಯಿಂದ ಬಲಗೈಯನ್ನು ಮೊಣಕೈತನಕ ಒಮ್ಮೆ ಮೆಲ್ಲಗೆ ಸವರಿಕೊಂಡರು, ಅಷ್ಟೆ. ಗುರುಬಸು ಅವರ ಒಬ್ಬನೇ ಮಗ. ಅವನಿಗಿಂತ ಮುಂಚೆ ಏನಾಗಿತ್ತೆಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನೀಲಿ ಚುಕ್ಕಿಗಳ ಮಾತನ್ನು ಅವಳು ಗುರುಬಸುವಿಗೆ ಹಿತ್ತಲಲ್ಲಿ ಹೇಳಿದಳು. ಅವನು ಸ್ಕೂಟರ್ ಒರೆಸುತ್ತಿದ್ದ. ಕೇಳಿಸಿಕೊಂಡ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

“ಸೂಜಿ ಯಾವಾಗ ಚಾಲೂ ಮಾಡಬೇಕಂತ?”

“ಮುಟ್ಟಾದ ಎರಡನೇ ದಿನ. ಇನ್ನ ಹದಿನೈದು ದಿನ ಐತಿ.”

“ಹ್ಞೂಂ,” ಎಂದವನು ಒಳಗೆ ಹೋಗಿಬಿಟ್ಟ.

ಇನ್ನೊಂದು ಮಗು ಬೇಕೆಂಬ ಆಸೆ ಅವನಿಗೆ ಅವಳಿಗಿಂತ ಒಂದು ತೂಕ ಹೆಚ್ಚೇ ಇತ್ತು. ಬಾಯಿಬಿಟ್ಟು ಹೇಳಿದವನಲ್ಲ. ಇಂಚರ ಬಿಟ್ಟ ಪುಟ್ಟ ಸೈಕಲ್ಲಿಗೆ ವರ್ಷಕ್ಕೆರಡು ಸಲ ಎಣ್ಣೆ ಬಿಟ್ಟು ಅಟ್ಟದ ಮೇಲೆ ಇಡುವುದನ್ನು ಅವಳು ನೋಡಿದ್ದಳು. ಅವನು ಎರಡನೆಯ ಮಾತಿಲ್ಲದೆ ಸೂಜಿ ಹಾಕಿಸಿಕೋ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಎದ್ದು ಒಳಗೆ ಹೋದದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮರುದಿನದಿಂದ ಹಗಲು ಪಾಳಿ. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಹಳಿಗಳ ನಕ್ಷೆ, ಅದರ ಮೇಲೆ ಜರುಗುವ ರೈಲುಗಳ ಸಣ್ಣ ದೀಪಗಳು. ಹತ್ತು ವರ್ಷದಿಂದ ನೋಡುತ್ತ ಬಂದ ನಕ್ಷೆ. ಅಂದು ಮಾತ್ರ ಅದು ಉಸಿರಾಡುತ್ತಿರುವಂತೆ ಕಂಡಿತು. ಅಳ್ನಾವರದ ಕಡೆಯ ತಿರುವಿನಲ್ಲಿ ಒಂದು ಗೂಡ್ಸ್ ಗಾಡಿ ಸಿಗ್ನಲ್ಲಿಗಾಗಿ ಕಾಯುತ್ತ ನಿಂತಿತ್ತು. ಹಾದಿ ಬಿಡಲು ಅವಳು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಅದು ಹೊರಡುತ್ತದೆ, ಹೊರಟರೆ ಆ ಜಾಗದಲ್ಲಿ ಇರುವುದಿಲ್ಲ ಎಂಬ ವಿಚಿತ್ರ ಯೋಚನೆಯಲ್ಲಿ ಅವಳು ಕರಗಿಹೋಗಿದ್ದಳು.

“ಮ್ಯಾಡಮ್, ಗೂಡ್ಸ್ ನಾಕು ನಿಮಿಷದಿಂದ ನಿಂತೈತ್ರಿ,” ಎಂದು ಪಕ್ಕದ ಮೇಜಿನವರು ನೆನಪಿಸಿದರು. ಅವಳು ಬೆಚ್ಚಿ ಒತ್ತಿದಳು.

ಸಂಜೆ ಅವಳು ತನ್ನನ್ನೇ ಕೇಳಿಕೊಂಡಳು. ನಲವತ್ತೊಂದು ಕಣ. ಕಣ್ಣಿಗೆ ಕಾಣದ್ದು, ಕೈಗೆ ಹತ್ತದ್ದು. ಮೊನ್ನೆಯವರೆಗೆ ಇದ್ದದ್ದೇ ಗೊತ್ತಿರಲಿಲ್ಲ. ಅದಕ್ಕಾಗಿ, ಹುಟ್ಟಬಹುದಾದ ಒಂದು ಮಗುವನ್ನು ಬೇಡವೆನ್ನುವುದು ಯಾವ ನ್ಯಾಯ? ಇಂಚರಳಿಗೆ ಒಂದು ಜೊತೆ ಬೇಡವೆ? ಮರುಗಳಿಗೆಯಲ್ಲೇ ಇನ್ನೊಂದು ಮಾತು ಏಳುತ್ತಿತ್ತು. ಆ ಕೂಸನ್ನು ಯಾರೂ ನೋಡಿಲ್ಲ. ಅದಕ್ಕೆ ಹೆಸರಿಲ್ಲ, ಫೋಟೋ ಇಲ್ಲ, ಮಣ್ಣೂ ಇಲ್ಲ. ಇರುವುದು ಇಷ್ಟೇ. ಇದನ್ನೂ ಕೆಲಸಕ್ಕೆ ಕರೆದು ಕರಗಿಸಿಬಿಟ್ಟರೆ ಅದು ಬಂದೇ ಇರಲಿಲ್ಲ ಎಂದ ಹಾಗೆ ಆಗುವುದಿಲ್ಲವೆ? ಎರಡೂ ಮಾತು ಸರಿಯಾಗಿದ್ದವು. ಅದೇ ತೊಂದರೆ.

ಪೆಟ್ಟಿಗೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಕೂತಿತ್ತು.

ಐದನೆಯ ದಿನ ಸಂಜೆ ಗುರುಬಸು ಬೇಗ ಬಂದು, “ನಡಿ, ಕೆರಿ ಕಡೆ ಹೋಗಿ ಬರೂಣು,” ಎಂದ. ಏರಿಯ ಮೇಲೆ ನಡೆಯುವವರು ಕಡಿಮೆ ಇದ್ದರು. ಬಿಸಿಲು ಇಳಿದು ನೀರು ಹಿತ್ತಾಳೆಯ ತಟ್ಟೆಯಂತಿತ್ತು. ಅವನು ಕಲ್ಲುಬೆಂಚಿನ ಮೇಲೆ ಕೂತು, ನೀರಿನ ಕಡೆಗೇ ನೋಡುತ್ತ ಹೇಳಿದ:

“ಅವತ್ತು ಆಸ್ಪತ್ರ್ಯಾಗ ನಿನಗ ಜ್ವರದಾಗ ಎಚ್ಚರಿದ್ದಿಲ್ಲ. ನರ್ಸ್ ಒಬ್ಬಾಕಿ ಬಂದ್ಲು. ಕೈಯಾಗ ಒಂದ್ ಕಾಗದ, ಒಂದ್ ಸ್ಟೀಲ್ ಟ್ರೇ. ಟ್ರೇ ಮ್ಯಾಲೆ ಬಿಳಿ ಅರಿವಿ ಮುಚ್ಚಿತ್ತು. ನೀವು ಒಯ್ತೀರೋ ನಾವೇ ಮುಂದಿನದು ನೋಡ್ಕೊಳ್ಳೂದೋ ಅಂದ್ಲು. ನೀವೇ ನೋಡ್ಕೊಳ್ರಿ ಅಂತ ಸಹಿ ಮಾಡಿದೆ.”

ಶ್ರಾವಣಿ ಅವನ ಕಡೆ ತಿರುಗಿದಳು. ನಾಲ್ಕು ವರ್ಷದಲ್ಲಿ ಅವನ ಬಾಯಿಂದ ಈ ಮಾತು ಬಂದದ್ದು ಇದೇ ಮೊದಲು.

“ಒಮ್ಮೆ ನೋಡ್ತೀರೇನ್ರಿ ಅಂತ ಕೇಳಿದ್ಲು. ಎರಡು ಸಲ ಕೇಳಿದ್ಲು. ನಾ ಬ್ಯಾಡಂದೆ.” ಅವನು ಬೆಂಚಿನ ಕಲ್ಲನ್ನು ಉಗುರಿನಿಂದ ಕೆರೆದ. “ಒಳಗ ನೀ ಉಳೀತೀಯೋ ಇಲ್ಲೋ ಅನ್ನೂದೇ ಗೊತ್ತಿದ್ದಿಲ್ಲ. ಅದನ್ನ ನೋಡಿಬಿಟ್ರ ನಿಂದರಾಕ ಆಗೂದಿಲ್ಲ ಅನಿಸ್ತು. ಹಿಂಗಾಗಿ ಮಾರಿ ಹೊಳ್ಳಿಸಿದೆ. ಇವತ್ತಿನ ತನಕಾ ದಿನಾ ಒಮ್ಮೆರ ಆ ಬಿಳಿ ಅರಿವಿ ಕಣ್ಣಮುಂದ ಬರ್ತೈತಿ.”

“ನನಗ ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲ. ಕೇಳಿದ್ರೂ ಹೇಳ್ತಿದ್ನೋ ಇಲ್ಲೋ.”

ಅವಳಿಗೆ ಸಿಟ್ಟು ಬಂತು. ನಾಲ್ಕು ವರ್ಷ ತಾನೊಬ್ಬಳೇ ಹೊತ್ತೆ ಎಂದುಕೊಂಡಿದ್ದಳು. ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ ಇನ್ನೊಬ್ಬನೂ ಹೊತ್ತಿದ್ದ. ಸಿಟ್ಟಿನ ಕೆಳಗೆ ಬೇರೇನೋ ಸಡಿಲವಾಯಿತು. ಅವಳು ಅವನ ಭುಜಕ್ಕೆ ತಲೆಯೊತ್ತಿ ಅತ್ತಳು. ವಾಕಿಂಗಿಗೆ ಬಂದ ಮುದುಕರೊಬ್ಬರು ಬೇಕೆಂದೇ ಬೇರೆ ಕಡೆ ನೋಡುತ್ತ ದಾಟಿಹೋದರು.

“ನನಗ ಅವನ್ನ ನೋಡಬೇಕು,” ಎಂದ ಗುರುಬಸು. “ಸೂಜಿ ವಿಚಾರ ಆಮ್ಯಾಲೆ. ಮೊದಲ ನೋಡಬೇಕು.”

ಫೋನ್ ಮಾಡಿ ಕೇಳಿದಾಗ ನಫೀಸಾ ಮೊದಲು ಒಪ್ಪಲಿಲ್ಲ. ಚಿಕಿತ್ಸೆಗೆ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ, ಅಷ್ಟಕ್ಕೇ ಯಂತ್ರವಿರುವುದು. ಚುಕ್ಕಿಗಳನ್ನು ಹೊಳೆಯಿಸುವ ಮದ್ದು ಇನ್ನೂ ಎರಡು ದಿನ ಮೈಯಲ್ಲಿರುತ್ತದೆ ಎಂಬುದನ್ನು ಶ್ರಾವಣಿಯೇ ನೆನಪಿಸಿದಳು. ಕೊನೆಗೆ ಅವರು, “ನಾಳೆ ಮಧ್ಯಾಹ್ನ ಅರ್ಧ ತಾಸು ಖಾಲಿ ಐತಿ. ಬರ್ರಿ. ದಾಖಲೆಯಾಗ ಮರುಪರೀಕ್ಷೆ ಅಂತ ಬರಕೋತೀನಿ,” ಎಂದರು.

ಕತ್ತಲೆಯ ಕೋಣೆಯಲ್ಲಿ ಶ್ರಾವಣಿ ಮತ್ತೆ ತೇಲಿದಳು. ಈ ಸಲ ತೊಟ್ಟಿಯ ಪಕ್ಕ ಗುರುಬಸು ಸ್ಟೂಲಿನ ಮೇಲೆ ಕೂತಿದ್ದ. ನಫೀಸಾ ಸಣ್ಣ ಪರದೆಯೊಂದನ್ನು ಅವನ ಕೈಗೆ ಕೊಟ್ಟು, ನೀಲಿಯನ್ನಷ್ಟೇ ಉಳಿಸಿದರು. ಅವನು ಎಣಿಸುವುದು ಅವಳಿಗೆ ಕೇಳುತ್ತಿತ್ತು. ಹದಿನೇಳಕ್ಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ. ತೊಟ್ಟಿ ತೂಗಿದಾಗೆಲ್ಲ ಚುಕ್ಕಿಗಳೂ ಅತ್ತಿತ್ತ ತೂಗುತ್ತಿದ್ದವಂತೆ. ಕೊನೆಗೆ ನಲವತ್ತೊಂದಕ್ಕೆ ಮುಟ್ಟಿದ.

“ಡಾಕ್ಟರ್, ಇದ್ರಾಗ ಹೊರಗಿಗೆ ಸಮೀಪ ಇದ್ದದ್ದು ಯಾವುದ್ರಿ?”

“ಎಡಗಿವಿ ಹಿಂದ ಒಂದ್ ಐತಿ ನೋಡ್ರಿ. ತೊಗಲಿನ ಕೆಳಗ, ಒಂದು ಬೆರಳಷ್ಟೂ ಆಳ ಇಲ್ಲ.”

ಸ್ಟೂಲು ಸರಿದ ಸದ್ದಾಯಿತು. ಅವನ ಉಸಿರು ಅವಳ ಕೆನ್ನೆಗೆ ತಾಗಿತು. ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರುತ್ತಾಳಲ್ಲ, ಹಾಗೆ ಅವನು ಅವಳ ಎಡಗಿವಿಯ ಹತ್ತಿರ ಬಾಗಿ, “ಕುರ್ರ್…” ಎಂದ. ಆಮೇಲೆ ಒಂದು ಹೆಸರು ಹೇಳಿದ. ಗಂಡಿಗೂ ಹೆಣ್ಣಿಗೂ ಒಪ್ಪುವ ಹೆಸರು. ಅವನು ಅದನ್ನು ಯಾವಾಗ ಯೋಚಿಸಿಟ್ಟಿದ್ದನೋ ಅವಳಿಗೆ ಗೊತ್ತಿರಲಿಲ್ಲ. ಮೂರು ಸಲ ಹೇಳಿದ. ನೀರು, ಕತ್ತಲೆ, ಆ ಹೆಸರು, ಮೂರೂ ಒಂದೇ ಆಗಿ ಅವಳನ್ನು ತೂಗಿದವು. ಅವಳ ಕಣ್ಣಿಂದ ಇಳಿದದ್ದು ತೊಟ್ಟಿಯ ಉಪ್ಪುನೀರಿಗೇ ಸೇರಿತು.

ಬಾಗಿಲ ಬಳಿ ನಿಂತಿದ್ದ ನಫೀಸಾ ಅರ್ಧ ತಾಸು ಕಳೆದರೂ ದೀಪ ಹಾಕಲಿಲ್ಲ.

ಮುಂದಿನ ವಾರವಿಡೀ ಇಬ್ಬರೂ ಮಾತಾಡಿದರು. ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಬಟ್ಟೆ ಮಡಿಸುವಾಗ. ಹೆಸರು ಇಟ್ಟಾಯಿತು, ಇನ್ನು ಕಳಿಸಿಕೊಡಬಹುದೇನೋ ಎಂದು ಒಂದು ದಿನ ಅನಿಸುತ್ತಿತ್ತು. ಮರುದಿನ ಬೆಳಿಗ್ಗೆ ಅದು ಹಾಗಲ್ಲ ಎನಿಸುತ್ತಿತ್ತು. ಮುಟ್ಟಾದ ಮೊದಲ ದಿನ ಶ್ರಾವಣಿ ಫ್ರಿಜ್ಜಿನ ಬಾಗಿಲು ತೆರೆದು ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು. ನಾಲ್ಕು ವರ್ಷ ತನಗೆ ಬೇಕಾಗಿದ್ದುದು ಏನು ಎಂದು ಅಲ್ಲಿ, ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯುತ್ತಿರುವಾಗ, ಅವಳಿಗೆ ಸ್ಪಷ್ಟವಾಯಿತು. ಪ್ರತಿ ತಿಂಗಳೂ ಅವಳು ಕಾದದ್ದು ಹೊಸದೊಂದಕ್ಕಲ್ಲ. ಹೋದದ್ದೇ ತಿರುಗಿ ಬರಲಿ ಎಂದು ಕಾದಿದ್ದಳು. ಅದು ಇನ್ನು ಬರುವುದಿಲ್ಲ, ಆದರೆ ಎಲ್ಲಿದೆ ಎಂಬುದು ಈಗ ಗೊತ್ತು.

“ಬ್ಯಾಡ ಅನಸ್ತೈತ್ರಿ ನನಗ,” ಎಂದಳು, ಹಿಂದೆ ಬಂದು ನಿಂತ ಗಂಡನಿಗೆ. “ನಿಮಗ ಬೇಕಿತ್ತಲ್ಲ?”

“ಬೇಕಿತ್ತು. ಈಗೂ ಬೇಕು.” ಅವನು ಸುಳ್ಳು ಹೇಳಲಿಲ್ಲ. “ಬೇಕನ್ನೂದು ಬ್ಯಾರೆ, ಅವನ್ನ ಎಬ್ಬಿಸಿ ಕರೀಬೇಕನ್ನೂದು ಬ್ಯಾರೆ. ನನಗೂ ಕರಿಯಾಕ ಮನಸ್ಸಿಲ್ಲ.”

“ಮುಂದ ಯಾವಾಗರ ನನ್ನ ಮ್ಯಾಲೆ ಸಿಟ್ಟು ಬಂದೀತು.”

“ಬಂದ್ರ ಹೇಳ್ತೀನಿ. ಇನ್ನಮ್ಯಾಲೆ ಹೇಳದ ಇರಂಗಿಲ್ಲ.”

ಪೆಟ್ಟಿಗೆಯನ್ನು ಹಿಂದಿರುಗಿಸಲು ಇಬ್ಬರೂ ಒಟ್ಟಿಗೆ ಧಾರವಾಡಕ್ಕೆ ಹೋದರು. ನಫೀಸಾ ಸೀಲು ಒಡೆಯದ ಸೂಜಿಗಳನ್ನು ನೋಡಿ ನಿಟ್ಟುಸಿರಿಟ್ಟರು. “ನಿಮ್ಮ ಪದರದ ಸ್ಥಿತಿ ನೋಡಿದ್ರ ಆಗತಿತ್ತು ಅನಸ್ತಿತ್ತು ನನಗ,” ಎಂದರು. ಆಮೇಲೆ, “ಹಂಗ ಅಂದದ್ದು ತಪ್ಪಾತು. ಮರತುಬಿಡ್ರಿ,” ಎಂದು ಕಾಗದ ಮುಂದಿಟ್ಟರು. ಚಿಕಿತ್ಸೆ ಕೈಬಿಡಲು ಕಾರಣ ಎಂಬಲ್ಲಿ ಆರು ಆಯ್ಕೆಗಳಿದ್ದವು. ಯಾವುದೂ ಹೊಂದಲಿಲ್ಲ. ಶ್ರಾವಣಿ ಆ ಜಾಗವನ್ನು ಖಾಲಿ ಬಿಟ್ಟು ಕೆಳಗೆ ಸಹಿ ಮಾಡಿದಳು. ಗುರುಬಸು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಆಮೇಲೆ ಸಹಿ ಮಾಡಿದ.

ಹೊರಗೆ ಮಧ್ಯಾಹ್ನದ ಬಿಸಿಲು. ದಿಬ್ಬದ ಕೆಳಗೆ ಬಸ್ಸು ಹಿಡಿಯುವಲ್ಲಿ ಮಂಡಕ್ಕಿ ಕಲಸಿ ಗಿರ್ಮಿಟ್ ಮಾಡುವ ಗಾಡಿಯೊಂದಿತ್ತು. ಹುರಿಗಡಲೆ ಹಿಟ್ಟು, ಹಸಿ ಉಳ್ಳಾಗಡ್ಡಿ, ಪಕ್ಕದ ಬಾಣಲೆಯಲ್ಲಿ ಆಗತಾನೆ ಬಿಟ್ಟ ಮಿರ್ಚಿ ಭಜಿ. ಶ್ರಾವಣಿ ನಿಂತಳು. ಗರ್ಭ ನಿಲ್ಲಬೇಕೆಂದು ನಾಲ್ಕು ವರ್ಷದಿಂದ ಎಣ್ಣೆ, ಖಾರ, ಚಹ ಎಲ್ಲವನ್ನೂ ಪಟ್ಟಿಯ ಪ್ರಕಾರ ಬಿಟ್ಟಿದ್ದಳು. ಮೈ ಎಂಬುದು ಯಾರೋ ಬರುವವರಿಗಾಗಿ ಗುಡಿಸಿ ಬೀಗ ಹಾಕಿಟ್ಟ ಕೋಣೆಯಂತಾಗಿತ್ತು.

“ತಿಂತೀಯೇನು?” ಎಂದ ಗುರುಬಸು.

ಅವಳು ಬೆಂಚಿನ ಮೇಲೆ ಕೂತಳು. ಮೊದಲ ಭಜಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು. ಸೆರಗಿನಿಂದ ಒರೆಸಿಕೊಂಡು ತಿಂದಳು. ದುಃಖ ಹೋಗಿರಲಿಲ್ಲ. ಬೇಡವೆಂದದ್ದರ ಭಾರ ಇನ್ನು ಕೆಲವು ವರ್ಷ ಆಗಾಗ ಬಂದುಹೋಗುತ್ತದೆ ಎಂದೂ ಅವಳಿಗೆ ಗೊತ್ತಿತ್ತು. ಆದರೆ ಹೊಟ್ಟೆ ಹಸಿದಿತ್ತು, ಬಿಸಿಯಾದದ್ದು ಒಳಗೆ ಇಳಿಯುತ್ತಿತ್ತು.

ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಇವರ ಕಡೆ ನೋಡಿದ. ಗುರುಬಸು ಎದ್ದ.

“ಹೋಗ್ಲಿ ಬಿಡ್ರಿ, ಇನ್ನೊಂದು ಬರ್ತೈತಿ,” ಎಂದು ಶ್ರಾವಣಿ ಗಾಡಿಯವನ ಕಡೆಗೆ ತಟ್ಟೆ ಚಾಚಿದಳು. “ಅಣ್ಣಾ, ಇನ್ನೆರಡು ಮಿರ್ಚಿ ಹಾಕು. ಬಿಸಿ ಬಿಸಿ.”